ಓದುಗರ ಪ್ರಶ್ನೆ: ಆರು ಮಕ್ಕಳು ಕಡಿಮೆಯಾದರೆ ಅನುದಾನ ಅರ್ಧ

ಪ್ರಶ್ನೆ: ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಮಂಜೂರಾದ ಶಾಲಾ ಅನುದಾನ 25,000 ರೂಪಾಯಿ, ಪಕ್ಕದೂರಿಗೆ 50,000. ಎರಡೂ ಕಡೆ ಏಳನೇ ತರಗತಿವರೆಗೆ ಇದೆ. ನಮ್ಮಲ್ಲಿ 98 ಮಕ್ಕಳು, ಅಲ್ಲಿ 104. ಇಷ್ಟಕ್ಕೇ ಇಷ್ಟೊಂದು ವ್ಯತ್ಯಾಸವೇ?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಜಗಳೂರು ತಾಲ್ಲೂಕು

ಉತ್ತರ: ಹೌದು, ಇಷ್ಟಕ್ಕೇ. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನಕ್ಕೆ ದಾಖಲಾತಿಯೇ ಅಳತೆ. 30 ಮಕ್ಕಳವರೆಗೆ 10,000, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000 ರೂಪಾಯಿ ಎಂದು ಯೋಜನೆಯ ಮಾನದಂಡ. ನೀವು ಗೆರೆಯ ಈಚೆ ಉಳಿದಿರಿ, ಅವರು ದಾಟಿದರು.

ಆದರೆ ನಿಮ್ಮ 98 ಎಂಬ ಅಂಕಿಯನ್ನೇ ಮೊದಲು ಪರೀಕ್ಷಿಸಿ. ಲೆಕ್ಕಕ್ಕೆ ಬರುವುದು ಬೆಂಚಿನ ಮೇಲೆ ಕೂತ ಮಕ್ಕಳಲ್ಲ, ದೇಶದ ಶಾಲೆಗಳ ಮಾಹಿತಿ ಸೇರಿಸುವ ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ದಾಖಲಾದ ಮಕ್ಕಳು. ಕೂಲಿಗೆಂದು ಕಾಫಿ ಸೀಮೆಗೋ ಬೆಂಗಳೂರಿಗೋ ಹೋಗಿ ಬರುವ ಕುಟುಂಬಗಳ ಮಕ್ಕಳು ಇಲ್ಲಿ ತಪ್ಪುವುದು ಹೆಚ್ಚು. ಹುಡುಗ ನಿಮ್ಮ ಶಾಲೆಗೆ ವಾಪಸು ಬಂದಿರುತ್ತಾನೆ, ಹಳೇ ಶಾಲೆಯವರು ರಾಜ್ಯದ ವಿದ್ಯಾರ್ಥಿ ದಾಖಲೆಯ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ಅವನನ್ನು ವರ್ಗಾಯಿಸಿರುವುದಿಲ್ಲ. ಇನ್ನು ಕೆಲವರ ಹೆಸರು ಆಧಾರ್‌ನಲ್ಲಿ ಒಂದು, ಪ್ರವೇಶ ಪುಸ್ತಕದಲ್ಲಿ ಇನ್ನೊಂದು ಆಗಿ ದಾಖಲೆ ಅರ್ಧಕ್ಕೆ ನಿಂತಿರುತ್ತದೆ. ಮುಖ್ಯ ಶಿಕ್ಷಕರು ಮಾಹಿತಿಯನ್ನು ಅಂತಿಮಗೊಳಿಸುವ ಮೊದಲು ಹಾಜರಿ ಪುಸ್ತಕವನ್ನೂ ಯು-ಡೈಸ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ತರಗತಿವಾರು ಒಂದೊಂದೇ ಹೆಸರಿಗೆ ಗುರುತು ಹಾಕಿ. ಬಿಟ್ಟುಹೋದವರ ಪಟ್ಟಿಯನ್ನು ಸಿಆರ್‌ಪಿಗೆ (ಸಮೂಹ ಸಂಪನ್ಮೂಲ ವ್ಯಕ್ತಿಗೆ) ಬರವಣಿಗೆಯಲ್ಲೇ ಕೊಡಿ. ಒಮ್ಮೆ ಅಂತಿಮಗೊಂಡರೆ ಆ ವರ್ಷದ ಮಟ್ಟಿಗೆ ತಿದ್ದಿಸುವುದು ಬಲು ಕಷ್ಟ. ಇಲ್ಲದ ಮಕ್ಕಳನ್ನು ಸೇರಿಸಿ ಗೆರೆ ದಾಟಿಸುವ ಯೋಚನೆ ಮಾತ್ರ ಬೇಡವೇ ಬೇಡ.

ಬಂದ ದುಡ್ಡಿನಲ್ಲಿ ಕನಿಷ್ಠ ಶೇ. 10ನ್ನು ಸ್ವಚ್ಛತೆಗೆ ಖರ್ಚು ಮಾಡಬೇಕು. 25,000ಕ್ಕೆ ಅದು 2,500. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿಗೆ ಶೌಚಾಲಯದ ನಲ್ಲಿಗಳು ಬೇಗ ಉಪ್ಪು ಕಟ್ಟುತ್ತವೆ. ಮೊದಲು ನಲ್ಲಿ, ವಾಲ್ವ್, ಬಾಗಿಲ ಚಿಲಕ ಸರಿಮಾಡಿಸಿ. ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಶಾಲೆ ತಪ್ಪಿಸುವುದನ್ನು ತಡೆಯಲು ಚಿಲಕವಿರುವ ಬಾಗಿಲು ಮಾಡುವಷ್ಟು ಕೆಲಸವನ್ನು ಗೋಡೆಯ ಮೇಲಿನ ಬಣ್ಣದ ಚಿತ್ರ ಮಾಡದು. ಕ್ರೀಡೆಗೂ ಗ್ರಂಥಾಲಯಕ್ಕೂ ಬೇರೆ ಅನುದಾನವಿದೆ, ಚೆಂಡು, ಪುಸ್ತಕಗಳಿಗೆ ಇದನ್ನು ಮುರಿಯಬೇಡಿ. ಏನೇನು ಕೊಳ್ಳಬೇಕೆಂದು ಹಣ ಬರುವ ಮೊದಲೇ ಸಭೆ ಕರೆದು ಠರಾವು ಬರೆದಿಡಿ. ಪಾವತಿ ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್ ಮೂಲಕ ಅಂಗಡಿಯವರ ಖಾತೆಗೇ ಹೋಗುವುದರಿಂದ ಅವರ ಬ್ಯಾಂಕ್ ವಿವರ ಮೊದಲೇ ಬೇಕು. ಇದನ್ನೆಲ್ಲ ಮಾರ್ಚ್ ಕೊನೆಯ ವಾರಕ್ಕೆ ಇಟ್ಟುಕೊಂಡರೆ ಹಣ ಕೈತಪ್ಪುತ್ತದೆ.

ಪ್ರಶ್ನೆ: ಮಗಳು ಏಳನೇ ತರಗತಿ. ಅಂಕಪಟ್ಟಿಯಲ್ಲಿ ಗಣಿತಕ್ಕೆ ‘ಎ’ ಇದೆ, ಮನೆಯಲ್ಲಿ ಭಾಗಾಕಾರ ಕೊಟ್ಟರೆ ತಪ್ಪುತ್ತಾಳೆ. ಶಾಲೆಯಲ್ಲಿ ಗಣಿತದ ಮೇಷ್ಟ್ರ ಹುದ್ದೆ ಖಾಲಿ. ಏನು ಮಾಡಲಿ?
– ಪೋಷಕರು, ಮೊಳಕಾಲ್ಮೂರು

ಉತ್ತರ: ಎರಡು ಲೆಕ್ಕ ಕೊಡಿ. ಒಂದು, 52ರಲ್ಲಿ 37 ಕಳೆಯುವುದು. ಉತ್ತರ 25 ಎಂದು ಬರೆದರೆ ಅವಳು ಮೇಲೆ ಕೆಳಗೆ ನೋಡದೆ ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆಯುತ್ತಿದ್ದಾಳೆ, ಏಳರಲ್ಲಿ ಎರಡು ಐದು, ಐದರಲ್ಲಿ ಮೂರು ಎರಡು ಅಂತ. ಇನ್ನೊಂದು, 624ನ್ನು 6ರಿಂದ ಭಾಗಿಸುವುದು. 104 ಬರಬೇಕಾದಲ್ಲಿ 14 ಬಂದರೆ, ಎರಡನ್ನು ಇಳಿಸಿಕೊಂಡಾಗ ಅದು ಆರಕ್ಕೆ ಸಾಲದೆಂದು ಭಾಗಲಬ್ಧದಲ್ಲಿ ಸೊನ್ನೆ ಹಾಕದೆ ಮುಂದೆ ಹೋಗಿದ್ದಾಳೆ. ಎರಡೂ ತಪ್ಪಿನ ಬೇರು ಸ್ಥಾನಬೆಲೆ. ಮಗ್ಗಿ ಬಾಯಿಪಾಠ ಮಾಡಿಸಿದರೆ ಇದು ಸರಿಹೋಗುವುದಿಲ್ಲ.

ಕಾಗದದ ಚೀಟಿಗಳಲ್ಲಿ ಆರು ನೂರು, ಎರಡು ಹತ್ತು, ನಾಲ್ಕು ಒಂದು ಬರೆದು ಆರು ಜನಕ್ಕೆ ಹಂಚಲು ಹೇಳಿ. ತಲೆಗೊಂದು ನೂರು ಹೋಯಿತು. ಎರಡು ಹತ್ತು ಆರು ಜನಕ್ಕೆ ಬರುವುದಿಲ್ಲ, ಹತ್ತರ ಮನೆಯಲ್ಲಿ ಸೊನ್ನೆ. ಆ ಎರಡನ್ನು ಇಪ್ಪತ್ತು ಬಿಡಿಯಾಗಿ ಮುರಿಸಿ, ನಾಲ್ಕು ಸೇರಿ 24, ತಲೆಗೆ ನಾಲ್ಕು. ಚೀಟಿ ಹಂಚುತ್ತಲೇ ಲೆಕ್ಕವನ್ನೂ ಬರೆಯಲಿ. ಕೊನೆಗೆ 104ನ್ನು 6ರಿಂದ ಗುಣಿಸಿ ತಾಳೆ ನೋಡಲಿ. ಒಂದೆರಡು ವಾರ ಮೂರಂಕಿಯಲ್ಲೇ ಇರಿ, ನಡುವೆ ಸೊನ್ನೆ ಬರುವ 515÷5, 816÷8ರಂಥವನ್ನೇ ಹೆಚ್ಚು ಕೊಡಿ.

ಶಾಲೆಯ ಮಾತು. ಪ್ರತಿ ಮಗುವಿನ ಕಲಿಕೆ ಅಳೆದು ಹಿಂದುಳಿದವರಿಗೆ ಹೆಚ್ಚುವರಿ ಪಾಠ ಮಾಡುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನಂತೆ ಶಿಕ್ಷಕರ ಕರ್ತವ್ಯ. ಆದರೆ ಮೇಷ್ಟ್ರೇ ಇಲ್ಲದಿದ್ದರೆ ಯಾರನ್ನು ಕೇಳುವುದು? ಅದೇ ಕಾಯ್ದೆಯ ಅನುಸೂಚಿ ಆರರಿಂದ ಎಂಟನೇ ತರಗತಿಗೆ ವಿಜ್ಞಾನ–ಗಣಿತ, ಸಮಾಜ ವಿಜ್ಞಾನ, ಭಾಷೆ, ಮೂರಕ್ಕೂ ಕನಿಷ್ಠ ಒಬ್ಬೊಬ್ಬರು ಇರಬೇಕೆನ್ನುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿಸಿ: ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ವಿಷಯ, ಯಾವ ದಿನಾಂಕದಿಂದ. ‘ಮೇಷ್ಟ್ರು ಬೇಕು’ ಎಂದಷ್ಟೇ ಬರೆದರೆ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಪ್ರತಿ ಕಳಿಸಿ, ಹುದ್ದೆ ತುಂಬುವವರೆಗೆ ಗಣಿತಕ್ಕೇ ಅತಿಥಿ ಶಿಕ್ಷಕರನ್ನು ಕೇಳಿ. ಉತ್ತರ ಬಾರದಿದ್ದರೆ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಅದನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಪ್ರಶ್ನೆ: ನಮ್ಮದು ಗಣಿ ಲಾರಿ ಓಡಾಡುವ ಊರು. ಶಾಲಾ ಕೊಠಡಿಗೆ ಗಣಿ ನಿಧಿ ಸಿಗುತ್ತದೆಯೇ?
– ಓದುಗರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಕೇಳಬಹುದು. ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಶಿಕ್ಷಣವೂ ಆದ್ಯತೆಯ ವಲಯ. ನಿಮ್ಮೂರು ಗಣಿಬಾಧಿತ ಪ್ರದೇಶಗಳ ಪಟ್ಟಿಯಲ್ಲಿದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲು ಖಚಿತಪಡಿಸಿಕೊಳ್ಳಿ. ನಂತರ ಗ್ರಾಮಸಭೆಯ ಠರಾವು, ಪಂಚಾಯತ್ ರಾಜ್ ಎಂಜಿನಿಯರ್ ತಯಾರಿಸಿದ ಅಂದಾಜು ಪಟ್ಟಿ, ಜಾಗ ಶಾಲೆಯ ಹೆಸರಿನಲ್ಲಿದೆ ಎನ್ನುವ ದಾಖಲೆ, ಈ ಮೂರನ್ನೂ ಲಗತ್ತಿಸಿ ಅರ್ಜಿ ಹಾಕಿ. ದಾನಿಗಳು ಬಾಯಿಮಾತಿನಲ್ಲಿ ಕೊಟ್ಟ ಜಾಗವಾದರೆ ಅದರ ನೋಂದಣಿಯನ್ನು ಮುಗಿಸಿಕೊಂಡೇ ಅರ್ಜಿ ಕೊಡಿ.