ಅಭಿಮಾನಿ ಸಂಘ ಮತ್ತು ಮಗಳ ಪ್ರಶ್ನೆ

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಹತ್ತಿರ ನನ್ನ ಅಂಗಡಿ. ಹತ್ತು ವರ್ಷದಿಂದ ಒಬ್ಬ ಕ್ರಿಕೆಟಿಗರ ಅಭಿಮಾನಿ ಸಂಘ ನಡೆಸುತ್ತಿದ್ದೇನೆ. ಈಗ ಅವರ ಮೇಲೆ ಅತ್ಯಾಚಾರದ ಎಫ್‌ಐಆರ್ ಆಗಿದೆ. ನಮ್ಮ ವಾಟ್ಸ್ಆ್ಯಪ್ ಗ್ರೂಪಿನ ಹುಡುಗರು ದೂರು ಕೊಟ್ಟವಳದ್ದೆಂದು ಫೋಟೊ ಹಾಕಿ ಬೈಯುತ್ತಿದ್ದಾರೆ. ಒಂಬತ್ತನೇ ಕ್ಲಾಸಿನ ಮಗಳು ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಟದ ಪ್ರಾಕ್ಟೀಸ್ ಮುಗಿಸಿ ಸಂಜೆ ಅಂಗಡಿಗೇ ಬರುತ್ತಾಳೆ. ಅದನ್ನೆಲ್ಲ ಓದಿ, 'ಅಪ್ಪಾ, ನಾಳೆ ನಂಗೇನಾದ್ರೂ ಆದ್ರೆ ನನ್ನೂ ಹಿಂಗೇ ಬೈತಾರಾ?' ಅಂದಳು. ಆ ಕ್ರಿಕೆಟಿಗರ ಹುಟ್ಟುಹಬ್ಬಕ್ಕೆ ಚಂದಾ ಎತ್ತಿಯಾಗಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಫೋಟೊ ತೆಗೆಯಿರಿ, ಇವತ್ತೇ. ಅಡ್ಮಿನ್ ನೀವಾದ್ದರಿಂದ ಯಾರು ಹಾಕಿದ್ದನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಆಯ್ಕೆ ನಿಮಗಿದೆ. ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ, ಆಮೇಲೆ ಒಂದೊಂದೇ ಅಳಿಸಿ. ಗ್ಯಾಲರಿಗೆ ಇಳಿದದ್ದು ಹಾಗೇ ಉಳಿಯುತ್ತದೆ. ಹಾಕಿದವರಿಗೆ ಫೋನ್ ಮಾಡಿ, ಸ್ಟೇಟಸ್‌ನಿಂದಲೂ ತೆಗೆಸಿ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅತ್ಯಾಚಾರದ ದೂರುದಾರರ ಗುರುತು ಬಯಲು ಮಾಡಿದರೆ 2 ವರ್ಷದವರೆಗೆ ಜೈಲು, ದಂಡ. ಹೆಸರೇ ಇರಬೇಕೆಂದಿಲ್ಲ, ಗುರುತು ಹಿಡಿಯುವಂತೆ ಊರು, ಕಾಲೇಜು ಬರೆದರೂ ಸಾಕು. ಇಂಥ ಫೋಟೊ ಎಷ್ಟೋ ಸಲ ಸಂಬಂಧವೇ ಇಲ್ಲದ ಯಾವಳೋ ಹುಡುಗಿಯದ್ದಾಗಿರುತ್ತದೆ.

ಆ ಕ್ರಿಕೆಟಿಗರು ತಪ್ಪು ಮಾಡಿದ್ದಾರೋ ಇಲ್ಲವೋ ಎಂದು ನೀವು ತೀರ್ಮಾನಿಸಬೇಕಾಗಿಲ್ಲ. ಎಫ್‌ಐಆರ್ ಅಂದರೆ ದೂರು ದಾಖಲಾಯಿತು, ಅಷ್ಟೇ. ಅತ್ಯಾಚಾರದ ತನಿಖೆಗೆ ಕಾನೂನು 2 ತಿಂಗಳ ಗಡುವು ಹಾಕಿದೆ. ಅದಾದ ಮೇಲೆ ಚಾರ್ಜ್‌ಶೀಟ್, ವಿಚಾರಣೆ, ಮೇಲ್ಮನವಿ. ನೇಪಾಳ ಕ್ರಿಕೆಟ್ ತಂಡದ ನಾಯಕರಾಗಿದ್ದ ಸಂದೀಪ್ ಲಾಮಿಛಾನೆ ಮೇಲೆ ದೂರು ಬಂದದ್ದು 2022ರಲ್ಲಿ. 2024ರ ಜನವರಿಯಲ್ಲಿ 8 ವರ್ಷ ಶಿಕ್ಷೆಯಾಯಿತು, ಅದೇ ಮೇ ತಿಂಗಳಲ್ಲಿ ಮೇಲಿನ ಕೋರ್ಟು ಖುಲಾಸೆ ಮಾಡಿತು. ಅಷ್ಟು ದಿನ ಕಾಯಬೇಕಾಗಬಹುದು. ಗ್ರೂಪಿನಲ್ಲಿ ಎರಡೇ ಸಾಲು ಹಾಕಿ: 'ತನಿಖೆ ನಡೀತಿದೆ. ದೂರುದಾರರ ಬಗ್ಗೆ ಬರೆದವರನ್ನು ತೆಗೀತೀನಿ.' ಬರೆದರೆ ನಿಜವಾಗಿ ತೆಗೆಯಿರಿ. ಮೊದಲನೆಯವನನ್ನು ಬಿಟ್ಟರೆ ಉಳಿದವರು ಕೇಳುವುದಿಲ್ಲ.

ಚಂದಾ ಪುಸ್ತಕ ನೋಡಿ ಹಣ ವಾಪಸ್ ಕೊಡಿ, ಫ್ಲೆಕ್ಸ್ ಆರ್ಡರ್ ನಿಲ್ಲಿಸಿ. ಬೇರೆ ಕೆಲಸಕ್ಕೆ ಬಳಸುವುದಾದರೆ ಕೊಟ್ಟವರನ್ನು ಕೇಳಿಯೇ ಬಳಸಿ.

ನನಗೆ ಹೆಚ್ಚು ಕಾಡಿದ್ದು ನಿಮ್ಮ ಮಗಳ ಮಾತು. ಅವಳು ಕೇಳುತ್ತಿರುವುದು ನಿಮ್ಮನ್ನು: ಹೇಳಿಕೊಂಡರೆ ನೀವು ನಂಬುತ್ತೀರಾ ಅಂತ. 'ನಿಂಗೆ ಹಂಗೇನೂ ಆಗಲ್ಲ ಬಿಡಮ್ಮ' ಅನ್ನಬೇಡಿ. ಆಡುವ ಹೆಣ್ಣುಮಕ್ಕಳು ಬಾಯಿ ಬಿಡದಿರುವುದಕ್ಕೆ ದೊಡ್ಡ ಕಾರಣ, ಹೇಳಿದರೆ ಗ್ರೌಂಡಿಗೆ ಕಳಿಸುವುದನ್ನೇ ನಿಲ್ಲಿಸುತ್ತಾರೆಂಬ ಭಯ. ಆದ್ದರಿಂದ 'ಏನಾದ್ರೂ ನಂಗೆ ಹೇಳು, ನಿನ್ನ ಓಟ ಬಿಡ್ಸಲ್ಲ' ಎಂದು ಬಾಯಿಬಿಟ್ಟು ಹೇಳಿ. ಮಕ್ಕಳ ಸಹಾಯವಾಣಿ 1098 ಅವಳಿಗೆ ಬಾಯಿಪಾಠ ಇರಲಿ. ಹೊರಊರಿನ ಮೀಟ್‌ಗೆ ಹೋಗುವಾಗ ಜೊತೆಗೆ ಯಾವ ಮೇಡಂ ಬರುತ್ತಾರೆ, ರೂಮಿನಲ್ಲಿ ಯಾರಿರುತ್ತಾರೆ ಎಂದು ಕೋಚ್ ಹತ್ತಿರ ನೀವೇ ಕೇಳಿ. ಒಳ್ಳೆಯ ಕೋಚ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಮ್ಯಾಚ್ ನೋಡಬೇಕೆನಿಸಿದರೆ ನೋಡಿ. ಅಂಗಡಿಯಲ್ಲಿ ಅವರ ಫೋಟೊ ಇದ್ದರೆ ಮಾತ್ರ ಸದ್ಯಕ್ಕೆ ಇಳಿಸಿಡಿ. ಸಂಜೆ ಮಗಳು ಬಂದು ಕೂರುವುದು ಅದರ ಎದುರಿಗೇ ಅಲ್ಲವೇ.