ದಾಳಿ ನಿರ್ದೇಶಿಸುವ ಯೋಧನಿಗೆ ವಿಮಾನ ಸಂಚಾರ ನಿಯಂತ್ರಕನ ಪ್ರಮಾಣಪತ್ರ ಏಕೆ?

ನೆಲದಲ್ಲಿ ನಿಂತು ವಿಮಾನ ದಾಳಿಯನ್ನು ನಿರ್ದೇಶಿಸುವ, ವಿಮಾನಗಳನ್ನು ಇಳಿಸುವ ಅಮೆರಿಕ ವಾಯುಪಡೆಯ ಕಾಂಬ್ಯಾಟ್ ಕಂಟ್ರೋಲರ್‌ಗಳು ಕಮಾಂಡೋಗಳಾಗಿದ್ದೂ ವಿಮಾನ ಸಂಚಾರ ನಿಯಂತ್ರಕರ ಪ್ರಮಾಣಪತ್ರವನ್ನು ಏಕೆ ಪಡೆಯಬೇಕು, ಅದು ಬರೀ ಹೆಸರಿಗಷ್ಟೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಾನು ನಾಗರಿಕ ವಿಮಾನ ಸಂಚಾರ ನಿಯಂತ್ರಣದಲ್ಲಿ ದುಡಿದು ನಿವೃತ್ತನಾದವನು, ಯುದ್ಧ ಕಂಡವನಲ್ಲ. ಆದರೂ ಅವರ ಕೆಲಸದ ತಿರುಳು ನನಗೆ ಗೊತ್ತು: ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವಿನ ಅಂತರವನ್ನು ಕಾಯುವುದು.

ಬೆಟ್ಟದ ಮೇಲೆ ಒಂದು ತುಕಡಿ ಶತ್ರುಗಳ ನಡುವೆ ಸಿಕ್ಕಿಕೊಂಡಿದೆ ಎನ್ನಿ. ಕೆಳಮಟ್ಟದಲ್ಲಿ ಹೆಲಿಕಾಪ್ಟರ್, ಅದರ ಮೇಲೆ ಡ್ರೋನ್, ಇನ್ನೂ ಎತ್ತರದಲ್ಲಿ ಜೆಟ್‌ಗಳು. ಇವುಗಳ ದಾರಿಗೆ ಅಡ್ಡಲಾಗಿ ತಮ್ಮದೇ ಫಿರಂಗಿಯ ಗುಂಡುಗಳು. ಪ್ರತಿಯೊಂದಕ್ಕೂ ಎತ್ತರ, ವಲಯ, ಸಮಯ ಗೊತ್ತುಮಾಡಿದ ಮೇಲೆಯೇ ದಾಳಿಯ ಮಾತು. ಆಗ ಕಂಟ್ರೋಲರ್‌ನಿಂದ ಪೈಲಟ್‌ಗೆ ಒಂಬತ್ತು ಸಾಲಿನ ಸೂಚನೆ ಹೋಗುತ್ತದೆ: ಯಾವ ದಿಕ್ಕಿನಿಂದ ಬರಬೇಕು, ಗುರಿ ಯಾವುದು, ಅದರ ಎತ್ತರ ಎಷ್ಟು, ನಮ್ಮವರು ಎಲ್ಲಿದ್ದಾರೆ, ಯಾವ ಕಡೆ ಹೊರಳಿ ಹೋಗಬೇಕು. ಗುರಿಯ ಎತ್ತರವನ್ನೂ ಸ್ಥಾನವನ್ನೂ ಪೈಲಟ್ ತಿರುಗಿ ಓದಿ ಹೇಳಲೇಬೇಕು. ನಾಗರಿಕ ವಿಮಾನಯಾನದಲ್ಲೂ ಇಳಿಯುವ ಅನುಮತಿಯನ್ನು ಪೈಲಟ್ ಹೀಗೆಯೇ ತಿರುಗಿ ಹೇಳುತ್ತಾನೆ. ಶಿಸ್ತು ಒಂದೇ, ಅಲ್ಲಿ ಗುಂಡು ಹಾರುತ್ತಿರುತ್ತದೆ, ಅಷ್ಟೆ ವ್ಯತ್ಯಾಸ. 2002ರ ಮಾರ್ಚ್ 4ರಂದು ಅಫ್ಘಾನಿಸ್ತಾನದ ತಾಕುರ್ ಘರ್ ಶಿಖರದಲ್ಲಿ ಮಡಿದ ಜಾನ್ ಚಾಪ್ಮನ್ ಇದೇ ವೃತ್ತಿಯವರು. ಅವರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಸಂದದ್ದು 2018ರಲ್ಲಿ.

ಇನ್ನು ವಿಮಾನ ಇಳಿಸುವ ಕೆಲಸ. ಇದರ ಸುದ್ದಿ ಕಡಿಮೆ, ನನ್ನ ದೃಷ್ಟಿಯಲ್ಲಿ ಮಾತ್ರ ಹೆಚ್ಚಿನ ವಿದ್ಯೆ ಇದೇ. 1980ರಲ್ಲಿ ಇರಾನಿನ ಟೆಹ್ರಾನ್‌ನಲ್ಲಿದ್ದ ಅಮೆರಿಕದ ಒತ್ತೆಯಾಳುಗಳನ್ನು ಬಿಡಿಸುವ ಪ್ರಯತ್ನಕ್ಕೆ ಕೆಲವು ವಾರ ಮೊದಲು ಜಾನ್ ಕಾರ್ನಿ ಎಂಬ ಕಂಟ್ರೋಲರ್ ಚಿಕ್ಕ ವಿಮಾನದಲ್ಲಿ ಇರಾನಿನ ಮರುಭೂಮಿಗೆ ಗುಟ್ಟಾಗಿ ಹೋದರು. ಭಾರದ ವಿಮಾನಗಳನ್ನು ಆ ನೆಲ ತಾಳೀತೇ ಎಂದು ಮಣ್ಣು ಪರೀಕ್ಷಿಸಿ, ದೂರದಿಂದಲೇ ಹೊತ್ತಿಸಬಹುದಾದ ದೀಪಗಳನ್ನು ಮರಳಿನಲ್ಲಿ ಹೂತು ಬಂದರು. ಕಾರ್ಯಾಚರಣೆ ವಿಫಲವಾಯಿತು, ಎಂಟು ಮಂದಿ ಸತ್ತರು. ಆದರೆ ದೀಪಗಳು ಬೆಳಗಿದವು, ವಿಮಾನಗಳು ಇಳಿದವು.

ನನ್ನ ಮನಸ್ಸನ್ನು ಗೆದ್ದದ್ದು ಹೈಟಿ. 2010ರ ಜನವರಿ 12ರ ಭೂಕಂಪದಲ್ಲಿ ಪೋರ್ಟ್-ಒ-ಪ್ರಿನ್ಸ್ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರ ಕೆಲಸಕ್ಕೆ ಬಾರದಂತಾಯಿತು. ಮರುದಿನ ಫ್ಲಾರಿಡಾದ ಹರ್ಲ್‌ಬರ್ಟ್ ಫೀಲ್ಡ್ ವಾಯುನೆಲೆಯಿಂದ ಬಂದ ಕಾಂಬ್ಯಾಟ್ ಕಂಟ್ರೋಲರ್‌ಗಳ ತಂಡ ಇಳಿದ 28 ನಿಮಿಷಗಳಲ್ಲಿ ರನ್‌ವೇ ಪಕ್ಕ ಮಡಚುವ ಮೇಜು ಹಾಕಿಕೊಂಡು, ಕೈಯಲ್ಲಿ ಹಿಡಿಯುವ ರೇಡಿಯೊಗಳಿಂದ ಸಂಚಾರ ನಡೆಸತೊಡಗಿತು. ರಾಡಾರ್ ಇಲ್ಲ. ಇರುವುದು ಒಂದೇ ರನ್‌ವೇ. ದಟ್ಟಣೆಯ ಹೊತ್ತಿನಲ್ಲಿ ಐದು ನಿಮಿಷಕ್ಕೊಂದು ವಿಮಾನ ಇಳಿಯುತ್ತಿತ್ತು ಇಲ್ಲವೇ ಏರುತ್ತಿತ್ತು. ಹೊರಗಿನವರು ಆಕಾಶದಲ್ಲಿ ಸಾಲುಗಟ್ಟಿದ ವಿಮಾನಗಳನ್ನು ನೋಡುತ್ತಾರೆ. ವೃತ್ತಿಯವನ ಕಣ್ಣು ನೆಲಕ್ಕೆ ಹೋಗುತ್ತದೆ. ಇಳಿದ ವಿಮಾನವನ್ನು ಎಲ್ಲಿ ನಿಲ್ಲಿಸುವುದು? ಸರಕು ಇಳಿಸುವುದು ತಡವಾದರೆ ಮೇಲೆ ಸುತ್ತುತ್ತಿರುವವನ ಇಂಧನ ತೀರುತ್ತದೆ. ಜಾಗದ ಲೆಕ್ಕ ತಪ್ಪಿದರೆ ಇಡೀ ನಿಲ್ದಾಣವೇ ಸ್ಥಗಿತವಾಗುತ್ತದೆ.

ಆಕ್ಷೇಪಗಳೂ ಬಂದವು. ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯ ಆಸ್ಪತ್ರೆ ಸಾಮಗ್ರಿ ಹೊತ್ತ ವಿಮಾನಕ್ಕೆ ಅಲ್ಲಿ ಇಳಿಯಲು ಅವಕಾಶ ಸಿಗದೆ ಅದು ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಬೇಕಾಯಿತು. ಗಾಯಾಳುಗಳು ಕಾಯುತ್ತಿರುವಾಗ ವೈದ್ಯರಿಗೆ ಸಿಟ್ಟು ಬಂದದ್ದು ನ್ಯಾಯವೇ. ಯಾವ ವಿಮಾನ ಮೊದಲು ಎಂಬ ತೀರ್ಮಾನದ ಬಗ್ಗೆ ಗಟ್ಟಿಯಾಗಿಯೇ ಪ್ರಶ್ನಿಸಬೇಕು. ಆದರೆ ಆ ಮೇಜಿನ ಮುಂದೆ ಕುಳಿತವರ ಕೌಶಲ ಬೇರೆ ಮಾತು. ತಂಡದ ಮುಖ್ಯಸ್ಥ ಟೋನಿ ಟ್ರಾವಿಸ್ ಆ ವರ್ಷ ಟೈಮ್ ಪತ್ರಿಕೆಯ 100 ಪ್ರಭಾವಿಗಳ ಪಟ್ಟಿಗೆ ಸೇರಿದಾಗ, ನಮ್ಮ ವೃತ್ತಿಯವರೊಬ್ಬರಿಗೆ ಸಲ್ಲಬೇಕಾದದ್ದು ಸಂದಿತು ಎಂದು ನನಗೆ ಹೆಮ್ಮೆಯಾಯಿತು.