ತುಲೂಜ್‌ಗೆ ಬರುವವರಿಗೆ: ಯಾವ ಬಾಟಲಿ ಕೊಳ್ಳಬೇಕು, ಯಾಕೆ

ಮುಂದಿನ ತಿಂಗಳು ಬೆಂಗಳೂರಿನಿಂದ ಫ್ರಾನ್ಸಿನ ತುಲೂಜ್‌ಗೆ ಕೆಲಸಕ್ಕೆ ಬರುತ್ತಿದ್ದೀರಿ, ಸಸ್ಯಾಹಾರಿ, ವೈನ್ ಅಂದರೆ ನಮ್ಮ ಕಡೆಯ ಸಿಹಿ ಪೋರ್ಟ್ ಬಿಟ್ಟು ಬೇರೇನೂ ಕುಡಿದಿಲ್ಲ. ಆಫೀಸಿನವರು ಮನೆಗೆ ಊಟಕ್ಕೆ ಕರೆದರೆ ಏನು ಒಯ್ಯಬೇಕು, ಎಷ್ಟು ಖರ್ಚು ಮಾಡಬೇಕು ಅಂತ ಕೇಳಿದ್ದೀರಿ. ಮೊದಲು ಚುಟುಕು ಉತ್ತರ: 8ರಿಂದ 12 ಯೂರೋ ಒಳಗೆ ತುಲೂಜ್ ಪಕ್ಕದ ಫ್ರೊಂತೋನ್ ಊರಿನ ಒಂದು ಕೆಂಪು ವೈನ್ ತಗೊಂಡು ಹೋಗಿ. ಹೆಸರುವಾಸಿ ಬೋರ್ದೋ ಬೇಡ. ಸೂಪರ್‌ಮಾರ್ಕೆಟ್ಟಿನಲ್ಲಿ ಎದ್ದು ಕಾಣುವುದು ಅದೇ, ಆದರೆ ಹತ್ತು ಯೂರೋ ಬೋರ್ದೋದಲ್ಲಿ ಅರ್ಧ ಹಣ ಹೆಸರಿಗೇ ಹೋಗುತ್ತದೆ. ಅಷ್ಟೇ ಹಣಕ್ಕೆ ಫ್ರೊಂತೋನ್‌ನಲ್ಲಿ ಒಳ್ಳೆಯ ತೋಟದ ಒಳ್ಳೆಯ ಬಾಟಲಿ ಸಿಗುತ್ತದೆ. ಊರಿಗೆ ಬಂದು ಸ್ವಲ್ಪ ದಿನಕ್ಕೇ ಇಲ್ಲಿನ ವೈನ್ ತಂದಿದ್ದಾರೆ ಅಂತ ಮನೆಯವರಿಗೂ ಖುಷಿಯಾಗುತ್ತದೆ.

ಅಂಗಡಿಯಲ್ಲಿ ಹೊಸಬರು ತಬ್ಬಿಬ್ಬಾಗುವುದು ಲೇಬಲ್ ನೋಡಿ. ನಮ್ಮಲ್ಲಿ ಬಾಟಲಿ ಮೇಲೆ ಶಿರಾಜ್, ಕ್ಯಾಬರ್ನೆ ಅಂತ ದ್ರಾಕ್ಷಿಯ ಹೆಸರು ಇರುತ್ತದೆ. ಇಲ್ಲಿ ಇರುವುದು ಊರಿನ ಹೆಸರು. ಆ ಹೆಸರಿನ ಕೆಳಗೆ ಎಒಪಿ ಅಥವಾ ಎಒಸಿ ಅಂತಿದ್ದರೆ, ಯಾವ ಮಣ್ಣಲ್ಲಿ, ಯಾವ ತಳಿ, ಯಾವ ಪ್ರಮಾಣದಲ್ಲಿ ಬೆಳೆಯಬೇಕು ಅನ್ನುವುದನ್ನೆಲ್ಲ ನಿಯಮವೇ ಕಟ್ಟಿಹಾಕಿದೆ ಎಂದರ್ಥ. ಹಾಗಾಗಿ ತಳಿ ಕಲಿಯುವುದಕ್ಕಿಂತ ನಾಲ್ಕೈದು ಊರು ಕಲಿತರೆ ಸಾಕು.

ಫ್ರೊಂತೋನ್ ಇರುವುದು ತುಲೂಜ್‌ನ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಗಾರೊನ್ ಮತ್ತು ತಾರ್ನ್ ನದಿಗಳ ನಡುವೆ. 1975ರಲ್ಲಿ ಎಒಸಿ ಸಿಕ್ಕಿತು. ಇಲ್ಲಿನ ತಳಿ ನೆಗ್ರೆತ್. ತೋಟದಲ್ಲಿ ಕನಿಷ್ಠ ಅರ್ಧ ಅದೇ ಇರಬೇಕು, ಉಳಿದದ್ದಕ್ಕೆ ಸಿರಾ, ಕ್ಯಾಬರ್ನೆ ಫ್ರಾಂಕ್, ಗಾಮೇ ಇತ್ಯಾದಿ. ಪಶ್ಚಿಮದ ವಾಂದೆ ಕಡೆ ಚೂರುಪಾರು ಬಿಟ್ಟರೆ ಫ್ರಾನ್ಸಿನಲ್ಲಿ ಬೇರೆಲ್ಲೂ ಇದನ್ನು ಅಷ್ಟಾಗಿ ಬೆಳೆಯುವುದಿಲ್ಲ. ಗೊಂಚಲು ಒತ್ತೊತ್ತು, ಸಿಪ್ಪೆ ತೆಳು. ಗೊಂಚಲಿನ ನಡುವೆ ಪಸೆ ನಿಂತರೆ ಬೂದು ಕೊಳೆ ಹಿಡಿಯುತ್ತದೆ, ಬೂದಿರೋಗವೂ ಬೇಗ ತಗಲುತ್ತದೆ. ಇಲ್ಲಿನ ಬಡ ಜಲ್ಲಿ ಮಣ್ಣು, ಆಗ್ನೇಯದಿಂದ ಬೀಸುವ ಒಣಗಾಳಿ ಓತಾನ್ ಇದ್ದುದರಿಂದಲೇ ಅದು ಬದುಕಿದೆ. ಗ್ಲಾಸಿಗೆ ಹಾಕಿದಾಗ ವಯಲೆಟ್ ಹೂವಿನ ಪರಿಮಳ, ಜತೆಗೆ ಸ್ವಲ್ಪ ಮೆಣಸು. ಒಗರು ಕಡಿಮೆ, ಹುಳಿಯೂ ಕಡಿಮೆ. ಹುಳಿ ಕಡಿಮೆ ಇರುವುದರಿಂದಲೇ ಬಹುಪಾಲು ಫ್ರೊಂತೋನ್ ಹೆಚ್ಚು ಕಾಲ ತಾಳುವುದಿಲ್ಲ. ಮೂರರಿಂದ ಐದು ವರ್ಷದೊಳಗೆ ಕುಡಿಯಬೇಕು. ಧೂಳು ಹಿಡಿದ ಹಳೇ ಬಾಟಲಿ ರಿಯಾಯಿತಿಯಲ್ಲಿದೆ ಅಂತ ತರಬೇಡಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವ ಮಾತು ಇಲ್ಲಿನ ಬೇಸಿಗೆಗೆ ನಡೆಯುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಏಸಿ ಇಲ್ಲ, ಜುಲೈನಲ್ಲಿ ಅಡುಗೆಮನೆಯೇ 30 ಡಿಗ್ರಿ. ಫ್ರಿಜ್‌ನಲ್ಲಿಟ್ಟು 14ರಿಂದ 16 ಡಿಗ್ರಿಗೆ ಇಳಿಸಿ. ಇಲ್ಲದಿದ್ದರೆ ಪರಿಮಳ ಹೋಗಿ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ.

ಈಶಾನ್ಯಕ್ಕೆ 50 ಕಿ.ಮೀ. ಹೋದರೆ ಗಯಾಕ್. ಒಂದೇ ಊರಿನ ಹೆಸರಲ್ಲಿ ಕೆಂಪು, ರೋಜೆ (ಗುಲಾಬಿ ಬಣ್ಣದ್ದು), ಬಿಳಿ, ಸಿಹಿ, ನೊರೆ ಎಲ್ಲ ಇರುವುದರಿಂದ ಊರಿನ ಹೆಸರಿನ ಪಕ್ಕದ ಪದ ನೋಡಲೇಬೇಕು. ‘ಸೆಕ್’ ಅಂದರೆ ಸಿಹಿಯಿಲ್ಲದ್ದು, ‘ದೂ’ ಅಂದರೆ ಸಿಹಿ, ‘ಪೆರ್ಲೆ’ ಅಂದರೆ ನಾಲಿಗೆಗೆ ಚುರುಗುಟ್ಟುವಷ್ಟೇ ಗ್ಯಾಸ್ ಇರುವ ಬಿಳಿ. ಕೆಂಪಿಗೆ ದ್ಯುರಾಸ್ ಮತ್ತು ಬ್ರೊಕೋಲ್ ತಳಿಗಳು. ಬ್ರೊಕೋಲ್ ಸರಿಯಾಗಿ ಮಾಗದಿದ್ದರೆ ಹಸಿ ದೊಣ್ಣೆಮೆಣಸಿನಕಾಯಿ ವಾಸನೆ ಬರುತ್ತದೆ, ಅದನ್ನು ಕೆಟ್ಟಿದೆ ಅಂದುಕೊಳ್ಳಬೇಡಿ. ಬಿಳಿಗೆ ಮೊಜಾಕ್ ಮತ್ತು ಲೆನ್ ದ ಲೆಲ್. ಮೊಜಾಕ್‌ಗೆ ಸೇಬಿನ ಸಿಪ್ಪೆಯ ಪರಿಮಳ.

ಗಯಾಕ್‌ನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ‘ಮೆತೋದ್ ಆನ್ಸೆಸ್ತ್ರಾಲ್’. ಶಾಂಪೇನ್‌ಗೆ ನೊರೆ ಬರಿಸಲು ತಯಾರಾದ ವೈನಿಗೆ ಮತ್ತೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯಲ್ಲಿ ಎರಡನೇ ಬಾರಿ ಹುದುಗಿಸುತ್ತಾರೆ. ಇಲ್ಲಿ ಏನನ್ನೂ ಸೇರಿಸುವುದಿಲ್ಲ. ಮೊಜಾಕ್ ರಸ ಹುದುಗುತ್ತಿರುವಾಗಲೇ ತಣ್ಣಗೆ ಮಾಡಿ, ಸೋಸಿ, ಯೀಸ್ಟ್ ಕಡಿಮೆ ಮಾಡಿ ವೇಗ ತಗ್ಗಿಸುತ್ತಾರೆ. ದ್ರಾಕ್ಷಿಯದ್ದೇ ಸಕ್ಕರೆ ಇನ್ನೂ ಉಳಿದಿರುವಾಗ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಒಳಗೆ ಉಳಿದ ಯೀಸ್ಟ್ ನಿಧಾನಕ್ಕೆ ಮತ್ತೆ ಕೆಲಸ ಶುರುಮಾಡಿ ಗ್ಯಾಸ್ ಕಟ್ಟುತ್ತದೆ. ಆಲ್ಕೋಹಾಲ್ ಕಡಿಮೆ, ತುಸು ಸಿಹಿ, ಸೇಬಿನ ರುಚಿ. ಪೋರ್ಟ್ ಅಭ್ಯಾಸದ ನಾಲಿಗೆಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಬಾಟಲಿ ತಳದಲ್ಲಿ ಗಸಿ ಇದ್ದರೆ ಹೆದರಬೇಡಿ, ಅದು ಯೀಸ್ಟು. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, 6ರಿಂದ 8 ಡಿಗ್ರಿಗೆ ತಣಿಸಿ, ನಿಧಾನಕ್ಕೆ ತೆಗೆಯಿರಿ. ಬಿಸಿಯಾಗಿದ್ದಾಗ ಅಥವಾ ಚೀಲದಲ್ಲಿ ಕುಲುಕಿಸಿ ತಂದ ತಕ್ಷಣ ತೆರೆದರೆ ಕಾಲು ಭಾಗ ಗೋಡೆಗೆ.

ಕಾಓರ್ ಊರಿನದು ಎಂದರೆ ಮಾಲ್ಬೆಕ್ ತಳಿ, ಕನಿಷ್ಠ 70 ಶೇಕಡ. ಈ ಹೆಸರಲ್ಲಿ ಕೆಂಪು ಮಾತ್ರ ಬರುತ್ತದೆ. 1956ರ ಹಿಮಕ್ಕೆ ಅಲ್ಲಿನ ತೋಟಗಳು ನೆಲಕಚ್ಚಿ, ಮತ್ತೆ ನೆಟ್ಟ ಮೇಲೆ 1971ರಲ್ಲಿ ಎಒಸಿ ಬಂತು. ಮದಿರಾನ್ ಎಂದರೆ ತಾನಾ ತಳಿ, ಚೊಗರೆಂದರೆ ಚೊಗರು. ಆ ಚೊಗರನ್ನು ಪಳಗಿಸಲೆಂದೇ 1990ರ ದಶಕದ ಆರಂಭದಲ್ಲಿ ಪಾತ್ರಿಕ್ ದ್ಯುಕುರ್ನೋ ಅಲ್ಲಿ ವೈನಿಗೆ ಹನಿಹನಿಯಾಗಿ ಆಮ್ಲಜನಕ ಬಿಡುವ ತಂತ್ರ ರೂಪಿಸಿದರು. ಆದರೂ ಎಳೆಯ ಮದಿರಾನನ್ನು ಎರಡು ಮೂರು ಗಂಟೆ ಮೊದಲೇ ಜಗ್‌ಗೆ ಸುರಿದಿಡಬೇಕು. ಕಾಸೂಲೆಯಂಥ ಬಾತುಕೋಳಿ, ಹಂದಿಮಾಂಸದ ಊಟಕ್ಕೆ ಸರಿ. ನಿಮಗೆ ಸದ್ಯಕ್ಕೆ ಬೇಡ.

ಸಿಹಿ ಬೇಕಿದ್ದರೆ ಜುರಾನ್ಸೋನ್, ಪೋ ಊರಿನ ಪಕ್ಕದ್ದು. ಪೆತಿ ಮಾನ್ಸೆಂಗ್ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಬಾಡಲು ಬಿಟ್ಟು, ಎಷ್ಟೋ ಸಲ ನವೆಂಬರ್‌ವರೆಗೂ ಕಾದು ಕೀಳುತ್ತಾರೆ. ಸಿಹಿಯಷ್ಟೇ ಹುಳಿಯೂ ಇರುವುದರಿಂದ ಗಂಟಲಿಗೆ ಅಂಟುವುದಿಲ್ಲ. ಬರೀ ‘ಜುರಾನ್ಸೋನ್’ ಅಂದರೆ ಸಿಹಿ, ‘ಜುರಾನ್ಸೋನ್ ಸೆಕ್’ ಅಂದರೆ ಸಿಹಿಯಿಲ್ಲ. ಅವಸರದಲ್ಲಿ ಅದಲುಬದಲು ಮಾಡುವವರು ಬಹಳ. ನಿತ್ಯಕ್ಕೆ ಅಗ್ಗದ ಬಿಳಿ ಬೇಕಾದರೆ ಕೋತ್ ದ ಗಾಸ್ಕೋಞ್, ಕೊಲೊಂಬಾರ್ ತಳಿ, 4ರಿಂದ 7 ಯೂರೋ.

ನಮ್ಮ ಅಡುಗೆಯ ವಿಷಯ. ಖಾರಕ್ಕೆ ಚೊಗರು ಮತ್ತು ಹೆಚ್ಚು ಆಲ್ಕೋಹಾಲ್ ಎರಡೂ ಶತ್ರು, ಉರಿ ಇಮ್ಮಡಿಯಾಗುತ್ತದೆ. ಹುಣಸೆ ಹುಳಿಯ ಮುಂದೆ ಹುಳಿ ಕಡಿಮೆಯ ಕೆಂಪು ಸಪ್ಪೆ ಹೊಡೆಯುತ್ತದೆ. ಹಾಗಾಗಿ ಬಿಸಿಬೇಳೆಬಾತ್, ಪುಳಿಯೋಗರೆ ಮಾಡಿ ಸಹೋದ್ಯೋಗಿಗಳನ್ನು ಕರೆದರೆ ಗ್ರೋ ಮಾನ್ಸೆಂಗ್ ತಳಿಯ ತುಸು ಸಿಹಿ ಗಾಸ್ಕೋಞ್ ಅಥವಾ ಗಯಾಕ್ ಪೆರ್ಲೆ ಕೊಡಿ. ಕಡಲೆಕಾಯಿ ಮಸಾಲೆಯ ಎಣ್ಣೆಗಾಯಿಗೆ, ಖಾರ ಹಿಡಿತದಲ್ಲಿದ್ದರೆ, ತಣ್ಣಗಿನ ಫ್ರೊಂತೋನ್ ರೋಜೆ ಚೆನ್ನಾಗಿ ಹೊಂದುತ್ತದೆ.

ಸಸ್ಯಾಹಾರಿಗಳು ನೋಡಬೇಕಾದ ಸಂಗತಿ ಬೇರೆಯೇ ಇದೆ. ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಜೆಲಟಿನ್, ಮೀನಿನ ಗಾಳಿಚೀಲದ ಅಂಟು ಬಳಸುವುದುಂಟು. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಲೇಬಲ್‌ನಲ್ಲಿ ಬರೆಯಲೇಬೇಕು. ಜೆಲಟಿನ್, ಮೀನಿನ ಅಂಟಿಗೆ ಆ ಕಡ್ಡಾಯ ಇಲ್ಲ. 2024ರ ಕೊಯ್ಲಿನಿಂದ ಈಚೆಗೆ ಕ್ಯೂಆರ್ ಕೋಡ್‌ನಲ್ಲಿ ಬರುವ ಪದಾರ್ಥಗಳ ಪಟ್ಟಿಯಲ್ಲೂ ಇವು ಕಾಣಿಸುವುದಿಲ್ಲ. ಆದ್ದರಿಂದ ‘ವೇಗನ್’ ಮುದ್ರೆ ಇರುವುದನ್ನು ಆರಿಸಿ, ಅಥವಾ ‘ನಾನ್ ಕೊಲ್ಲೆ, ನಾನ್ ಫಿಲ್ಟ್ರೆ’ (ಅಂಟು ಹಾಕದ, ಸೋಸದ) ಎಂದಿರುವುದನ್ನು ತಗೊಳ್ಳಿ, ಅದಕ್ಕೆ ಇವು ಯಾವುವೂ ಬಿದ್ದಿರುವುದಿಲ್ಲ. ಜತೆಗೆ ಬರುವ ಚೀಸ್ ಬಗ್ಗೆಯೂ ವಿಚಾರಿಸಿ. ರೋಕ್‌ಫೋರ್ ಹೆಪ್ಪುಗಟ್ಟುವುದು ಕುರಿಮರಿಯ ಹೊಟ್ಟೆಯ ಕಿಣ್ವ ರೆನೆಟ್‌ನಿಂದ.

ಕುಡಿಯದಿದ್ದರೆ ಯಾರೂ ಒತ್ತಾಯಿಸುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಸಾಕಾದರೆ ಗ್ಲಾಸ್ ತುಂಬಿಯೇ ಇಟ್ಟುಕೊಳ್ಳಿ, ಖಾಲಿ ಮಾಡಿದರೆ ಮತ್ತೆ ಸುರಿಯುತ್ತಾರೆ. ನೀವು ಒಯ್ದ ಬಾಟಲಿಯನ್ನು ಅವತ್ತೇ ತೆರೆಯದಿದ್ದರೆ ಬೇಸರ ಬೇಡ, ಊಟಕ್ಕೆ ತಕ್ಕದ್ದು ಮೊದಲೇ ಆರಿಸಿರುತ್ತಾರೆ. ಹೋಟೆಲಿನಲ್ಲಿ ಮೊದಲ ಗುಟುಕು ಕೊಡುವುದು ನಿಮಗೆ ಇಷ್ಟವಾಯಿತೇ ಅಂತ ಕೇಳಲಿಕ್ಕಲ್ಲ, ಬಿರಡೆ ಕೆಟ್ಟಿದೆಯೇ ನೋಡಲಿಕ್ಕೆ. ಒದ್ದೆ ರಟ್ಟಿನ ವಾಸನೆ ಬಂದರೆ ಹೇಳಿ, ಬದಲಾಯಿಸುತ್ತಾರೆ. ಕಾರಿನಲ್ಲಿ ಹೋಗುವುದಾದರೆ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮುಟ್ಟಿದರೇ ಅಪರಾಧ. ಹೊಸದಾಗಿ ಇಲ್ಲಿನ ಲೈಸೆನ್ಸ್ ಪಡೆದವರಿಗೆ ಮೊದಲ 3 ವರ್ಷ 0.2, ಅಂದರೆ ಒಂದು ಗ್ಲಾಸೂ ಇಲ್ಲ.

ರಜೆಗೆ ಊರಿಗೆ ಹೋಗುವಾಗ ಸುಂಕವಿಲ್ಲದೆ ತಲೆಗೆ 2 ಲೀಟರ್, ಅಂದರೆ 75 ಸೆಂಟಿಲೀಟರಿನ ಎರಡು ಬಾಟಲಿ. ಜುರಾನ್ಸೋನ್ ಒಯ್ಯಿರಿ, ಮನೆಯವರಿಗೂ ಹಿಡಿಸುತ್ತದೆ. ಆನ್ಸೆಸ್ತ್ರಾಲ್ ಮಾತ್ರ ಬೇಡ, ಬೆಂಗಳೂರಿನ ಬಿಸಿಲಲ್ಲಿ ಟ್ಯಾಕ್ಸಿ ಡಿಕ್ಕಿಯೊಳಗೆ ಉಳಿದ ಯೀಸ್ಟ್ ಮತ್ತೆ ಎದ್ದು ಕೂತರೆ ಬಟ್ಟೆಯೆಲ್ಲ ಸೇಬಿನ ವಾಸನೆ.